ಜಿಪ್ ತಾತನ ಮಾತಾಡುವ ಕಾಲು

“ಅಮ್ಮಾ, ಜಿಪ್ ತಾತನ ಒಂದು ಕಾಲು ಮಾತಾಡುತ್ತೆ, ಇನ್ನೊಂದು ಯಾಕೆ ಸುಮ್ನಿರುತ್ತೆ?”

ಪುಟ್ಟಿ ಇದನ್ನು ಮನೆಯೊಳಗೆ ಕೇಳಿದ್ದರೆ ಅವಳ ಅಮ್ಮ ಏನೋ ಒಂದು ಹೇಳಿ ಸಾಗಹಾಕುತ್ತಿದ್ದಳು. ಆದರೆ ಅವಳು ಕೇಳಿದ್ದು ತಾತನ ಮೂಗಿನ ಮುಂದೆ ನಿಂತು, ಅವರು ಅವಳದೇ ಶಾಲೆಯ ಚೀಲದ ಕಿತ್ತುಹೋದ ಜಿಪ್ಪನ್ನು ಹೊಲಿಯುತ್ತಿದ್ದಾಗ. ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾತ ಮಾತ್ರ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ದಾರವನ್ನು ಬಿಡದೆಯೇ ನಕ್ಕರು.

“ಇದು ಮರದ್ದು ಪುಟ್ಟಿ, ಬೇರೆಯವರು ಕೊಟ್ಟಿದ್ದು. ಅದು ನನ್ನ ಸ್ವಂತದ್ದು. ಸ್ವಂತದವರು ಎದುರು ಮಾತಾಡಲ್ಲ.”

ಅಂಗಡಿಯ ಹಿಂದಿನ ಕೋಣೆಯಿಂದ ಅಜ್ಜಿಯ ದನಿ ಬಂತು. “ಹಾಗಾದ್ರೆ ನಾನು ಯಾರ ಪೈಕಿ?”

ತಾತ ದಾರ ಕಡಿದು, ಪುಟ್ಟಿಯ ಕಡೆ ಕಣ್ಣು ಮಿಟುಕಿಸಿ, ಜಿಪ್ಪನ್ನು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಎಳೆದು ತೋರಿಸಿದರು. ಆ ಮನೆಯಲ್ಲಿ ಕೊನೆಯ ಮಾತು ಯಾರದ್ದು ಎಂಬುದು ಇಡೀ ಕಟ್ಟಡಕ್ಕೇ ಗೊತ್ತಿತ್ತು.

ಅದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟ್ ಇಲ್ಲ. ಮೆಟ್ಟಿಲುಗಳ ಕೆಳಗಿನ ಇಳಿಜಾರು ಜಾಗದಲ್ಲಿ ತಾತನ ಅಂಗಡಿ. ಅಲ್ಲಿ ನೆಟ್ಟಗೆ ನಿಲ್ಲುವುದಕ್ಕೆ ಮಕ್ಕಳಿಗೆ ಮಾತ್ರ ಸಾಧ್ಯ. ದೊಡ್ಡವರು ಯಾರೇ ಬಂದರೂ ತಲೆ ಬಗ್ಗಿಸಿಯೇ ಬರಬೇಕು. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಯ ಮೊಳೆಗಳಿಗೆ ಬೀಗದ ಕೈಗಳ ಹಾಗೆ ನೇತುಹಾಕಿದ ಬಗೆಬಗೆಯ ಜಿಪ್ಪಿನ ತಲೆಗಳು, ಸವೆದು ಬೆರಳಿನಷ್ಟಾದ ಮೇಣದ ತುಂಡು. ಸೂಟ್‌ಕೇಸು, ಜಾಕೆಟ್ಟು, ಶಾಲೆಯ ಚೀಲ, ಕೈಚೀಲ, ಏನೇ ಬರಲಿ, ತಾತ ಮೊದಲು ಜಿಪ್ಪಿನ ಹಲ್ಲುಗಳ ಮೇಲೆ ಮೇಣ ಉಜ್ಜಿ ನೋಡುವರು. ಎಣ್ಣೆ ಹಾಕಿದರೆ ಕೊಳೆ ಹಿಡಿಯುತ್ತದೆ ಎಂಬುದು ಅವರ ವಾದ. ಸಂಸಾರಕ್ಕೂ ಅಷ್ಟೇ, ಎಣ್ಣೆ ಮಾತು ಹೆಚ್ಚಾದರೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಹೊಸದಾಗಿ ಮದುವೆಯಾದವರಿಗೆ ಬಿಟ್ಟಿ ಸಲಹೆಯನ್ನೂ ಕೊಡುತ್ತಿದ್ದರು.

ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲಿ ತಾತ ಮತ್ತು ಅಜ್ಜಿ. ಅಜ್ಜಿಗೆ ಕೆಲವು ವರ್ಷಗಳಿಂದ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಸಲಕ್ಕೆ ಹೋದದ್ದಲ್ಲ, ಸಂಜೆ ಕತ್ತಲಾದ ಹಾಗೆ ನಿಧಾನಕ್ಕೆ ಹೋದದ್ದು. ಹಾಗಿದ್ದೂ ಅವರ ಅಡುಗೆಮನೆಯ ಪಾತ್ರೆಗಳು ಪುಟ್ಟಿಯ ಮನೆಯ ಪಾತ್ರೆಗಳಿಗಿಂತ ಚೆನ್ನಾಗಿ ಬೆಳಗಿರುತ್ತಿದ್ದವು. ಪುಟ್ಟಿಯ ಅಮ್ಮ ಅದನ್ನು ನೋಡಿದಾಗಲೆಲ್ಲ ಮನೆಗೆ ಹೋಗಿ ಒಂದು ಪಾತ್ರೆಯನ್ನಾದರೂ ಉಜ್ಜುತ್ತಿದ್ದಳು.

ಕಟ್ಟಡದಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ನಾಲ್ಕನೆಯ ಮಹಡಿಯವರು ಹಿಂಡದೆ ಒಣಹಾಕಿದ ಬಟ್ಟೆಯ ನೀರು ಮೂರನೆಯ ಮಹಡಿಯವರ ಒಣಗಿದ ಬಟ್ಟೆಯ ಮೇಲೆ ತೊಟ್ಟಿಕ್ಕುವುದು, ಅಲ್ಲಿಂದ ಮಾತು ಬೆಳೆದು ಸತ್ತ ಮಾವನವರ ತನಕ ಹೋಗುವುದು ವಾರಕ್ಕೊಮ್ಮೆ ಇದ್ದದ್ದೇ. ದನಿ ಏರಿದೊಡನೆ ತಾತ ಸ್ಟೂಲಿನಿಂದ ಏಳುವರು. ಮರದ ಕಾಲಿನ ಮಂಡಿಯಲ್ಲಿ ಕಬ್ಬಿಣದ ಕೀಲಿತ್ತು. ಮಡಿಸಿದರೆ ಕಿರ್ರ್ ಅನ್ನುವುದು, ನೆಟ್ಟಗಾದರೆ ಟಕ್ ಅನ್ನುವುದು. ಕಿರ್ರ್-ಟಕ್, ಆಮೇಲೆ ಸ್ವಂತ ಕಾಲಿನ ಮೆತ್ತಗಿನ ಒಂದು ಹೆಜ್ಜೆ, ಮತ್ತೆ ಕಿರ್ರ್-ಟಕ್. ಆ ಸದ್ದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರೆ ಮೇಲೆ ಜಗಳ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ತಾತ ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಎರಡೂ ಕಡೆಯವರು ಅವರಿಗೆ ಕುರ್ಚಿ ತರುವ ವಿಷಯದಲ್ಲಿ ಪೈಪೋಟಿಗೆ ಬಿದ್ದಿರುತ್ತಿದ್ದರು. ತಾತ ಕೂತು, ಏದುಸಿರು ಬಿಟ್ಟು, ನೀರು ಕೇಳುವರು. ಯಾರ ಮನೆಯ ನೀರು ಕುಡಿದರೂ ಇನ್ನೊಬ್ಬರಿಗೆ ಬೇಜಾರು. ಹಾಗಾಗಿ ಎರಡೂ ಮನೆಯ ನೀರು ಕುಡಿದು ಇಳಿದು ಬರುವರು. ತೀರ್ಪು ಗೀರ್ಪು ಏನೂ ಇಲ್ಲ.

ಪುಟ್ಟಿಯ ಅಮ್ಮನ ಕೆಲಸ ಸದ್ದು ಮಾಡುವುದು. ಕೇಳಿದವರು ನಗುತ್ತಿದ್ದರು, ಮನೆಯಲ್ಲಿ ಮಾಡುವುದು ಸಾಲದೇ ಎಂದು ಅವಳ ಗಂಡನೇ ಮೊದಮೊದಲು ರೇಗಿಸುತ್ತಿದ್ದ. ಮಕ್ಕಳ ಅನಿಮೇಷನ್ ಸರಣಿಗಳಿಗೆ ಚಿತ್ರ ಒಂದು ಕಡೆ ತಯಾರಾಗುತ್ತದೆ, ಮಾತು ಇನ್ನೊಂದು ಕಡೆ. ಆದರೆ ಬರೆದ ಚಿತ್ರಕ್ಕೆ ಹೆಜ್ಜೆಯ ಸದ್ದಿರುವುದಿಲ್ಲ, ಬಾಗಿಲು ಮುಚ್ಚಿದರೆ ಧಡ್ ಅನ್ನುವುದಿಲ್ಲ. ಅದನ್ನೆಲ್ಲ ಯಾರಾದರೂ ಕೂತು ಮಾಡಬೇಕು. ಮುಂಚೆ ಗೋದಾಮಾಗಿದ್ದ ಒಂದು ಕೋಣೆಯಲ್ಲಿ, ಕಿಟಕಿಗಳಿಗೆ ಹಾಸಿಗೆ ಬಡಿದು, ಅವಳು ಅದನ್ನೇ ಮಾಡುತ್ತಿದ್ದಳು. ನೆಲದ ಮೇಲೆ ಸಾಲಾಗಿ ಮರಳಿನ ತಟ್ಟೆ, ಜಲ್ಲಿಯ ತಟ್ಟೆ, ಒಣ ಎಲೆಯ ತಟ್ಟೆ, ಒಂದು ಕಲ್ಲುಚಪ್ಪಡಿ, ಒಂದು ಮರದ ಹಲಗೆ. ಚರ್ಮದ ಕೈಗವಸು ಬಡಿದರೆ ಹಕ್ಕಿ ಹಾರುತ್ತಿತ್ತು. ಸೌತೆಕಾಯಿ ಮುರಿದರೆ ಎಲುಬು ಮುರಿಯುತ್ತಿತ್ತು. ಮುರಿದ ಎಲುಬುಗಳನ್ನು ಶಾಲೆ ಬಿಟ್ಟ ಮೇಲೆ ಪುಟ್ಟಿ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು. ಅಲ್ಲಿಯವರು ಪುಟ್ಟಿಯ ಅಮ್ಮನನ್ನು ಸದ್ದಿನಕ್ಕ ಎಂದು ಕರೆಯುತ್ತಿದ್ದರು.

ಆ ವರ್ಷ ಬಂದ ಸರಣಿಯಲ್ಲಿ ಕೊಂಬಿನವರು ಮತ್ತು ರೆಕ್ಕೆಯವರು ಎಂದು ಎರಡು ಜನಾಂಗ. ನಡುವೆ ಒಂದು ನದಿ, ಅದರ ಮೇಲೆ ಒಂದು ಸೇತುವೆ. ಹಿಂದೆ ದೊಡ್ಡ ಯುದ್ಧ ಮಾಡಿ ಒಂದು ಕಾಲು ಕಳೆದುಕೊಂಡ ದಳಪತಿ ಈಗ ಕತ್ತಿಯನ್ನು ನದಿಗೆಸೆದು ಆ ಸೇತುವೆಯನ್ನು ಕಾಯುತ್ತಾನೆ. ಕತ್ತಲಾದ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ, ಅಷ್ಟೇ ಅವನ ಕೆಲಸ. ಅವನ ಹೆಜ್ಜೆ ಕೇಳಿಸುತ್ತಿದ್ದರೆ ಎರಡೂ ದಡದವರು ಮಲಗುತ್ತಾರೆ. ಹಾಗಾಗಿ ಆ ಹೆಜ್ಜೆಯ ಸದ್ದೇ ಸರಣಿಗೆ ಪ್ರಾಣ.

ಪುಟ್ಟಿಯ ಅಮ್ಮ ಕಬ್ಬಿಣದ ಕೊಳವೆ ಕುಟ್ಟಿದಳು, ಹಳೆಯ ಕುರ್ಚಿಯ ಕೀಲು ತಿರುವಿದಳು, ಊರುಗೋಲು ತಂದು ಹಲಗೆಯ ಮೇಲೆ ಊರಿದಳು. ನಿರ್ದೇಶಕ ಎಂಬ ತೆಳ್ಳಗಿನ ಹುಡುಗ ಪ್ರತಿ ಸಲ ಕಣ್ಣು ಮುಚ್ಚಿ ಕೇಳಿ, ಚೆನ್ನಾಗಿದೆ ಅಕ್ಕ, ಆದರೆ ಯಾರೋ ಮನೆ ಖಾಲಿ ಮಾಡುತ್ತಿರೋ ಹಾಗಿದೆ ಎನ್ನುತ್ತಿದ್ದ. ಅವಳಿಗೂ ಹಾಗೇ ಕೇಳಿಸುತ್ತಿತ್ತು, ಅದೇ ಕಷ್ಟ. ಹೀಗೆ ತಲೆ ಕೆಟ್ಟು ಕೂತಿದ್ದ ಒಂದು ಭಾನುವಾರ ಮೆಟ್ಟಿಲ ಮೇಲೆ ಕಿರ್ರ್-ಟಕ್ ಎಂದು ತಾತ ಜಗಳ ಬಿಡಿಸಲು ಹೊರಟರು. ಆ ಸದ್ದನ್ನು ಅವಳು ಮದುವೆಯಾಗಿ ಬಂದಾಗಿನಿಂದ ದಿನಾ ಕೇಳಿದ್ದಳು. ಪುಟ್ಟಿ ಬಾಯಿಬಿಟ್ಟು ಕೇಳಿದ್ದೂ ಆಗಿತ್ತು. ಆದರೂ ಅವಳ ಕಿವಿ ಅಂದು ಮೊದಲ ಬಾರಿಗೆ ಅದನ್ನು ಕೇಳಿತು.

ಕೇಳುವುದೇನೋ ಕೇಳಿಬಿಟ್ಟಳು, ಆದರೆ ಒಬ್ಬರ ಕುಂಟನ್ನು ಸಾಲ ಕೊಡಿ ಎಂದು ಕೇಳುವುದು ಹೇಗೆ? ಎರಡು ದಿನ ಹಿಂದೆ ಮುಂದೆ ನೋಡಿದಳು. ಆಮೇಲೆ, ಚೆನ್ನಾಗಿಯೇ ಇದ್ದ ಒಂದು ಜಾಕೆಟ್ಟಿನ ಜಿಪ್ಪನ್ನು ತೋರಿಸುವ ನೆಪದಲ್ಲಿ ಹೋಗಿ, ಸುತ್ತಿ ಬಳಸಿ, ದಳಪತಿಯ ಕಥೆಯನ್ನೆಲ್ಲ ಹೇಳಿ, ಕೊನೆಗೆ ವಿಷಯಕ್ಕೆ ಬಂದಳು. ತಾತ ಕನ್ನಡಕ ತೆಗೆದು ಅವಳನ್ನು ನೋಡಿದರು.

“ಕುಂಟೋದಕ್ಕೂ ಕೆಲಸ ಕೊಡ್ತಾರಾ? ಮುಂಚೆನೇ ಹೇಳಿದ್ರೆ ಇನ್ನೂ ಚೆನ್ನಾಗಿ ಕುಂಟ್ತಿದ್ದೆ.”

ಹೀಗೆ ತಾತ ಅವಳ ಕೋಣೆಗೆ ಬರತೊಡಗಿದರು. ಸದ್ದು ಹಿಡಿಯುವಾಗ ನಡೆದು ಹೋಗುವಂತಿಲ್ಲ, ಮೈಕಿನ ಮುಂದೆ ನಿಂತಲ್ಲೇ ನಡೆಯಬೇಕು. ಹೊಸಬರಿಗೆ ಅದನ್ನು ಕಲಿಸುವುದರಲ್ಲೇ ವಾರ ಕಳೆಯುತ್ತದೆ. ತಾತನಿಗೆ ಕಲಿಸುವುದೇ ಬೇಡವಾಯಿತು. ನಿಂತಲ್ಲೇ ಕವಾಯತು ಮಾಡಿಸಿ ಮಾಡಿಸಿಯೇ ತಮ್ಮ ಯೌವನವನ್ನೆಲ್ಲ ಸೈನ್ಯದವರು ಸವೆಸಿದ್ದಾರೆ, ಅದು ಯಾತಕ್ಕೆ ಅಂತ ಈಗ ಗೊತ್ತಾಯಿತು ಎಂದರು. ಆದರೆ ಚಿತ್ರ ನೋಡಿಕೊಂಡು ಹೆಜ್ಜೆ ಹಾಕುವುದು ಮಾತ್ರ ಅವರಿಗೆ ಕೊನೆಯವರೆಗೂ ಬರಲಿಲ್ಲ. ಪರದೆಯ ಮೇಲೆ ರೆಕ್ಕೆಯ ಮರಿಯೊಂದು ಜಾರಿ ಬಿದ್ದರೆ ಅವರು ನಡೆಯುವುದನ್ನು ಬಿಟ್ಟು, ಅಯ್ಯೋ ಹಿಡ್ಕೋ ಎಂದು ದಳಪತಿಗೆ ಹೇಳುತ್ತಿದ್ದರು. ಆ ಮಾತೂ ಮೈಕಿನಲ್ಲಿ ಸೇರಿಹೋಗುತ್ತಿತ್ತು. ಕೊನೆಗೆ ಪರದೆಗೆ ಬೆನ್ನು ಮಾಡಿ ನಿಲ್ಲಿಸಿ, ಅವಳು ಕೈಸನ್ನೆ ಮಾಡಿದಾಗ ನಡೆಯುವುದು ಎಂದು ಒಪ್ಪಂದವಾಯಿತು.

ಮೊದಲ ದಿನ ಅವರ ಕಿವಿಗೆ ಹೆಡ್‌ಫೋನ್ ಹಾಕಿ ಅವರದೇ ಹೆಜ್ಜೆಯನ್ನು ಕೇಳಿಸಿದಾಗ ತಾತ ಬೆಚ್ಚಿದರು. “ಇಷ್ಟು ಜೋರಾಗಿ ಬಡ್ಕೊಳುತ್ತಾ ಇದು?” ಅವರು ಯುದ್ಧದಲ್ಲಿ ಫಿರಂಗಿಯ ಪಕ್ಕ ನಿಂತವರು. ಒಂದು ಕಿವಿ ಅಲ್ಲೇ ಹೋಗಿತ್ತು, ಇನ್ನೊಂದು ಅರೆಬರೆ. ಊರಿಗೆಲ್ಲ ಕೇಳುವ ತಮ್ಮ ಕಾಲಿನ ಸದ್ದು ಅವರಿಗೆ ಮಾತ್ರ ಸರಿಯಾಗಿ ಕೇಳಿರಲಿಲ್ಲ.

ಕೆಲಸದ ನಡುವೆ ಚಹಾ ಕುಡಿಯುವಾಗ ಅವರು ಒಮ್ಮೊಮ್ಮೆ ಹಳೆಯದನ್ನು ಹೇಳುವರು. ಹೇಳುವುದೂ ಅಲ್ಲ, ಬಿಸ್ಕತ್ತು ಮುರಿದ ಹಾಗೆ ಸಣ್ಣ ಸಣ್ಣ ಚೂರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡು, ಎರಡು ಹೊತ್ತು ಊಟ ಸಿಗುತ್ತದೆ ಎಂದು ಸೈನ್ಯ ಸೇರಿದ್ದು. ಯುದ್ಧ ಶುರುವಾಗುವ ಮುಂಚಿನ ರಜೆಯಲ್ಲಿ ಮದುವೆಯಾದದ್ದು. ಹೆಂಡತಿಯ ಮುಖವನ್ನು ಸರಿಯಾಗಿ ನೋಡುವ ಮೊದಲೇ ರೈಲು ಹತ್ತಿದ್ದು. ಯುದ್ಧ ಹೇಗಿತ್ತು ಎಂದು ಒಮ್ಮೆ ನಿರ್ದೇಶಕ ಆಸೆಯಿಂದ ಕೇಳಿದ. ತಾತ ಲೋಟವನ್ನು ಕೆಳಗಿಟ್ಟರು.

“ಹೇಗಿತ್ತು ಅಂದ್ರೆ ನಂಗೇನು ಗೊತ್ತಪ್ಪ. ನಾವು ಇಲ್ಲಿಂದ ಹೊಡೀತಿದ್ವಿ, ಅದು ಗುಡ್ಡದ ಆಚೆ ಎಲ್ಲೋ ಬೀಳ್ತಿತ್ತು. ಎಲ್ಲಿ ಬಿತ್ತು, ಯಾರ ಮೇಲೆ ಬಿತ್ತು, ಇವತ್ತಿನವರೆಗೂ ನೋಡಿಲ್ಲ. ಯುದ್ಧ ಮುಗಿದ ಮೇಲೆ, ಬೇರೆ ದೇಶದಲ್ಲಿ ಶಾಂತಿ ಕಾಯೋದಕ್ಕೆ ಜನ ಬೇಕು ಅಂದ್ರು. ಬಿದ್ದ ಜಾಗ ಹೇಗಿರುತ್ತೆ ನೋಡೋಣ ಅಂತ ಹೆಸರು ಕೊಟ್ಟೆ.”

ಆ ಗುರುತಿಲ್ಲದ ದೇಶದಲ್ಲಿ ಎರಡು ಹಳ್ಳಿಗಳ ನಡುವಿನ ಒಂದು ರಸ್ತೆ ಅವರ ಪಾಲಿಗೆ ಬಂತು. ಬಂದೂಕು ಇತ್ತು, ಆದರೆ ಎತ್ತುವಂತಿರಲಿಲ್ಲ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಜೋರಾಗಿ ಹಾಡುತ್ತ, ಬೂಟು ಕುಟ್ಟುತ್ತ ನಡೆಯಬೇಕಿತ್ತು. ಸದ್ದಿಲ್ಲದೆ ಬಂದವನು ಶತ್ರು ಎಂದು ಎರಡೂ ಕಡೆಯವರಿಗೆ ಗೊತ್ತು. ಸದ್ದು ಮಾಡಿಕೊಂಡು ಬರುವವನು ಕಾಯುವವನು. ತಾತನಿಗೆ ಹಾಡು ಬಾರದು, ಆದರೂ ಹಾಡಿದರು. ಅಲ್ಲಿಯ ಮಕ್ಕಳು ಮರುದಿನ ಅವರನ್ನು ಅಣಕಿಸಿ ಹಾಡುತ್ತಿದ್ದವಂತೆ. ಮನೆಗೆ ಮರಳಲು ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ, ತಪ್ಪಿಸಿಕೊಂಡಿದ್ದ ಒಂದು ಆಡಿನ ಮರಿಯನ್ನು ಹಿಡಿಯಲು ರಸ್ತೆ ಬಿಟ್ಟು ನಾಲ್ಕು ಹೆಜ್ಜೆ ಹೊಲಕ್ಕಿಳಿದರು. ಯಾರೋ ಯಾವಾಗಲೋ ಹೂತಿಟ್ಟಿದ್ದ ಸಿಡಿಮದ್ದು ಅಲ್ಲಿತ್ತು. ಆಡಿನ ಮರಿಗೆ ಏನೂ ಆಗಲಿಲ್ಲ ಎಂಬುದನ್ನು ತಾತ ಪ್ರತಿ ಸಲವೂ ಮರೆಯದೆ ಸೇರಿಸುತ್ತಿದ್ದರು.

ಮರದ ಕಾಲು ಅಂದಿನದು. ತಾತನ ಹಾಗೇ ಅದಕ್ಕೂ ವಯಸ್ಸಾಗಿತ್ತು. ಚರ್ಮದ ಪಟ್ಟಿಗಳನ್ನು ಅವರೇ ಎಷ್ಟೋ ಸಲ ಹೊಲಿದಿದ್ದರು. ಆದರೆ ತೊಡೆ ಕೂರುವ ಮೇಲ್ಭಾಗ ಸವೆದು ಓರೆಯಾಗಿ, ಒಳಗೆ ಮೊಂಡುಗಾಲಿನ ತುದಿಗೆ ಉಜ್ಜುತ್ತಿತ್ತು. ಹುಣ್ಣಾಯಿತು, ವಾಸಿಯಾಯಿತು, ಮತ್ತೆ ಆಯಿತು. ಹೆಜ್ಜೆಗಳ ನಡುವೆ ತಾತ ತುಟಿ ಕಚ್ಚುವುದನ್ನು ಪುಟ್ಟಿಯ ಅಮ್ಮ ಸದ್ದು ಹಿಡಿಯುವ ಕೋಣೆಯ ಗಾಜಿನ ಗೋಡೆಯ ಆಚೆಯಿಂದ ಕಂಡಳು. ಗದರಿಸಿ ಕೇಳಿದ ಮೇಲೆ ನಿಜ ಹೊರಬಿತ್ತು. ಕೃತಕ ಕಾಲು ಕೂಡಿಸುವ ಕೇಂದ್ರದ ಡಾಕ್ಟರು ಹೊಸ ಕಾಲಿಗೆ ಅಳತೆ ತೆಗೆದುಕೊಂಡು, ಅದು ತಯಾರೂ ಆಗಿ, ಅಲ್ಲೇ ಕಪಾಟಿನಲ್ಲಿ ಕಾಯುತ್ತಿತ್ತು. ಹೀಗೇ ಹಳೆಯದನ್ನು ಎಳೆದಾಡಿದರೆ ಹುಣ್ಣು ಒಳಗಿಳಿಯುತ್ತದೆ, ಆಗ ಇನ್ನೂ ಮೇಲಕ್ಕೆ ಕತ್ತರಿಸಬೇಕು, ಆಮೇಲೆ ಯಾವ ಕಾಲೂ ಕೂರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ತಾತ ತಲೆಯಾಡಿಸಿ, ಬರಿಗೈಯಲ್ಲಿ ಮನೆಗೆ ಬಂದಿದ್ದರು. ಅಜ್ಜಿಗೆ ಈ ಸುದ್ದಿ ಗೊತ್ತಿರಲಿಲ್ಲ. ಪಟ್ಟಿ ಕಟ್ಟಿಕೊಳ್ಳಲು ಮುಂಚೆ ಅಜ್ಜಿಯ ಸಹಾಯ ಬೇಕಾಗುತ್ತಿತ್ತು. ಈಗ ಎಲ್ಲ ನಾನೇ ಮಾಡ್ಕೊಳ್ತೀನಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ತನ್ನ ಸರಣಿಗಾಗಿಯೇ ಅವರು ಹಳೆಯ ಕಾಲನ್ನು ಉಳಿಸಿಕೊಂಡಿದ್ದಾರೆ, ಹೊಸದು ಬಂದರೆ ಸದ್ದು ಹೋಗುತ್ತದೆ ಎಂದು ತನ್ನ ಮುಲಾಜಿಗೆ ಬಿದ್ದಿದ್ದಾರೆ ಎಂದು ಪುಟ್ಟಿಯ ಅಮ್ಮ ತಿಳಿದಳು. ತಾತನನ್ನು ಕೂರಿಸಿಯೇ, ಕೈಯಿಂದ ಮಂಡಿಯ ಕೀಲು ಆಡಿಸಿ, ಬೇಕಾದ ಕಿರ್ರ್‌ಗಳನ್ನೂ ಟಕ್‌ಗಳನ್ನೂ ಒಂದೇ ಮಧ್ಯಾಹ್ನದಲ್ಲಿ ಹಿಡಿದಿಟ್ಟಳು. ಇನ್ನು ಸರಣಿ ಮುಗಿಯುವವರೆಗೆ ಇದು ಸಾಕು, ನಾಳೆಯೇ ಹೋಗಿ ಹೊಸ ಕಾಲು ಹಾಕಿಸಿಕೊಳ್ಳಿ ಎಂದಳು. ನೋಡೋಣ ಎಂದರು ತಾತ. ಮರುವಾರವೂ ನೋಡೋಣ. ಅವರ ಬಾಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ ಎಂಬುದು ಬಟ್ಟೆ ತೊಟ್ಟಿಕ್ಕುವ ಮನೆಯವರಿಗೂ ಗೊತ್ತಿದ್ದ ಮಾತು.

ಕೊನೆಯ ಕಂತಿಗೆ ಬಂದಾಗ ನಿರ್ದೇಶಕ ಹೊಸ ರಾಗ ತೆಗೆದ. ಸೇತುವೆಯ ಮೇಲೆ ದಾರಿ ತಪ್ಪಿ ಅತ್ತು ಅತ್ತು ಮಲಗಿದ ಕೊಂಬಿನ ಮಗುವನ್ನು ದಳಪತಿ ಎತ್ತಿಕೊಂಡು ಮನೆಗೆ ಬಿಡಬೇಕು. ಮಗುವಿಗೆ ಎಚ್ಚರವಾಗಬಾರದು. ಸರಣಿಯಲ್ಲೇ ಮೊದಲ ಬಾರಿಗೆ ದಳಪತಿ ಸದ್ದಿಲ್ಲದೆ ನಡೆಯುತ್ತಾನೆ. ಪೂರ್ತಿ ಸದ್ದಿಲ್ಲದಿದ್ದರೂ ಆಗದು. ಮರದ ಕಾಲಿನ ಭಾರ ಇರಬೇಕು, ಕಿರ್ರ್ ಮತ್ತು ಟಕ್ ಮಾತ್ರ ಇರಬಾರದು. ಇದನ್ನು ಮೊದಲೇ ಹಿಡಿದಿಟ್ಟಿರಲಿಲ್ಲ. ಒಂದೇ ಒಂದು ಸಲ, ನಾಲ್ಕೇ ಹೆಜ್ಜೆ ಎಂದು ಅವಳು ತಾತನನ್ನು ಕೇಳಿಕೊಂಡಳು. ಕೀಲಿನೊಳಕ್ಕೆ ದಪ್ಪಗೆ ಗ್ರೀಸು ತುಂಬಿ, ಟಕ್ ಅನ್ನುವ ಜಾಗಕ್ಕೆ ಹತ್ತಿಬಟ್ಟೆಯ ಚೂರು ಸಿಕ್ಕಿಸಿದಳು. ತಾತ ನಡೆದರು. ಹಲಗೆಯ ಮೇಲೆ ಭಾರ ಮಾತ್ರ ಕೂತು ಎದ್ದಿತು. ಗಾಜಿನ ಆಚೆ ನಿರ್ದೇಶಕ ಎರಡೂ ಕೈ ಎತ್ತಿದ.

ಅಷ್ಟರಲ್ಲಿ ಪುಟ್ಟಿ ಮರಳಿನ ತಟ್ಟೆಯನ್ನು ಮೈಮೇಲೆ ಬೋರಲು ಹಾಕಿಕೊಂಡಳು. ಕಣ್ಣಿಗೆ ಮರಳು, ಬಾಯಿಗೆ ಮರಳು, ಇಡೀ ಕೋಣೆಗೆ ಅವಳ ಅಳು. ಅಮ್ಮ ಅವಳನ್ನು ನಲ್ಲಿಯ ಹತ್ತಿರ ಎತ್ತಿಕೊಂಡು ಓಡಿದಳು. ಅಜ್ಜಿ ಚಹಾಕ್ಕೆ ಕಾಯುತ್ತಿರುತ್ತಾಳೆ ಎಂದು ತಾತ ಹೊರಟರು. ಗ್ರೀಸು ಒರೆಸಬೇಕೆಂಬುದು ಅವಳಿಗೂ ನೆನಪಾಗಲಿಲ್ಲ. ತಮ್ಮ ಕಾಲು ಸುಮ್ಮನಿದೆ ಎಂಬುದು ತಾತನ ಕಿವಿಗೂ ತಿಳಿಯಲಿಲ್ಲ.

ಪುಟ್ಟಿಯನ್ನು ತೊಳೆದು, ಒರೆಸಿ, ಅಮ್ಮ ಕಟ್ಟಡಕ್ಕೆ ಬಂದಾಗ ಜಿಪ್ ತಾತನ ಅಂಗಡಿಯ ಮುಂದೆ ಮೂರನೆಯ ಮತ್ತು ನಾಲ್ಕನೆಯ ಮಹಡಿಯವರು ಅಕ್ಕಪಕ್ಕ ನಿಂತಿದ್ದರು. ಒಳಗೆ ತಾತ ಮಂಚದ ಮೇಲೆ ಕೂತಿದ್ದರು, ಹಣೆಯ ಮೇಲೆ ನಿಂಬೆಗಾತ್ರದ ಬುಗುಟೆ. ನೆಲದ ಮೇಲೆ ಚಹಾ ಚೆಲ್ಲಿತ್ತು. ಅಜ್ಜಿ ಒಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ತಾತನ ತಲೆಯನ್ನು ಹುಡುಕುತ್ತಿದ್ದರು. ಇನ್ನೊಂದು ಕೈ ಇನ್ನೂ ಸೌಟನ್ನು ಬಿಟ್ಟಿರಲಿಲ್ಲ.

“ಯುದ್ಧದಲ್ಲಿ ತಲೆಗೆ ಏನೂ ಆಗಿರ್ಲಿಲ್ಲ,” ಎಂದರು ತಾತ. “ಅದೊಂದು ಬಾಕಿ ಇತ್ತು.”

ನಡೆದದ್ದು ಇಷ್ಟೇ. ಅಜ್ಜಿ ಒಲೆಯ ಮುಂದೆ ಚಹಾ ಸೋಸುತ್ತಿದ್ದರು. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು. ಹೆಜ್ಜೆ ಇಲ್ಲ, ಸುಳಿವಿಲ್ಲ, ಸೀದಾ ಕೈ. ಅಜ್ಜಿ ತಿರುಗಿದವರೇ ಬಾರಿಸಿದರು. ಬಾರಿಸಿದ ಮೇಲೆ ಬಂದ ಅಯ್ಯೋ ಎಂಬ ದನಿ ಗಂಡನದು ಎಂದು ತಿಳಿದು ಒದ್ದೆ ಬಟ್ಟೆಗೆ ತಡಕಾಡಿದರು.

ಹೊರಗಿನವರು ನಗು ತಡೆದುಕೊಳ್ಳುತ್ತಿದ್ದರು, ತಾತನೂ ನಗಿಸುತ್ತಿದ್ದರು. ಅಜ್ಜಿ ಮಾತ್ರ ನಗಲಿಲ್ಲ. ಪುಟ್ಟಿಯ ಅಮ್ಮ ಸೌಟು ತೆಗೆದುಕೊಂಡು, ಅವರನ್ನು ಅಡುಗೆಮನೆಗೆ ಕರೆದೊಯ್ದು, ನೆಲ ಒರೆಸುತ್ತ, ತಪ್ಪು ತನ್ನದೇ, ಗ್ರೀಸು ತಾನೇ ಹಾಕಿದ್ದು ಎಂದು ಹೇಳಿದಳು. ಅಜ್ಜಿ ತಗ್ಗಿದ ದನಿಯಲ್ಲಿ ಹೇಳತೊಡಗಿದರು.

“ಅವರು ಆ ಕಾಲು ಹಾಕ್ಕೊಂಡು ಬಂದಾಗ ನನಗೆ ಆ ಸದ್ದು ಕಂಡ್ರೆ ಆಗ್ತಿರ್ಲಿಲ್ಲ ಕಣಮ್ಮ. ದಿಂಬಲ್ಲಿ ಕಿವಿ ಮುಚ್ಕೊಳ್ತಿದ್ದೆ. ಕಣ್ಣು ಹೋಗ್ತಾ ಹೋಗ್ತಾ ಅವರ ಮುಖಾನೂ ಹೋಯ್ತು. ಈಗ ನೆನೆಸ್ಕೊಂಡ್ರೆ ಮದುವೆ ದಿನದ ಮುಖ ಬರುತ್ತೆ, ಅದು ಹುಡುಗನ ಮುಖ. ನನ್ನ ಮುದುಕ ಅಂದ್ರೆ ಈಗ ಆ ಸದ್ದೇ. ಇವತ್ತು ಕೈ ಬಂತು, ಸದ್ದು ಬರ್ಲಿಲ್ಲ. ಅಂದ್ರೆ ಅವರು ಇಲ್ಲ, ಇದು ಬೇರೆ ಯಾರೋ. ಹಾಗಂತ ಒಂದು ಗಳಿಗೆ ಅನ್ನಿಸಿಬಿಡ್ತು.”

ಪುಟ್ಟಿಯ ಅಮ್ಮ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರಿಲ್ಲದಿದ್ದರೂ. ಕೇಂದ್ರದ ಕಪಾಟಿನಲ್ಲಿ ಕಾಯುತ್ತಿರುವ ಕಾಲು ಅವಳ ಕಣ್ಣ ಮುಂದೆ ಬಂತು. ಹೊಸದು, ಹಗುರ, ಪಿಟ್ ಎನ್ನದು. ತಾತ ಯಾರ ಮುಲಾಜಿಗೆ ಬಿದ್ದಿದ್ದರು ಎಂದು ಈಗ ತಿಳಿಯಿತು. ಸರಣಿಯದ್ದಂತೂ ಅಲ್ಲ.

ಅವಳು ಕೀಲಿನ ಗ್ರೀಸು ಒರೆಸುವ ನೆಪದಲ್ಲಿ ತಾತನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದಳು. ಹತ್ತಿಬಟ್ಟೆಯ ಚೂರನ್ನು ತೆಗೆದಳು. ಚರ್ಮದ ಪಟ್ಟಿಯ ಅಂಚಿನಲ್ಲಿ, ತೊಡೆಗೆ ಸುತ್ತಿದ್ದ ಬಟ್ಟೆಗೆ ಒಣಗಿದ ರಕ್ತದ ಕಲೆ ಅಂಟಿತ್ತು.

“ಅಜ್ಜಿಗೋಸ್ಕರ ತಾನೇ?” ಎಂದಳು, ಒಳ್ಳೆಯ ಕಿವಿಯ ಕಡೆ ಬಗ್ಗಿ.

ತಾತ ಮೇಣದ ತುಂಡನ್ನು ಕೈಯಲ್ಲಿ ಹೊರಳಿಸುತ್ತಿದ್ದರು. ಹೊಸ ಕಾಲು ಹಾಕಿಕೊಂಡು ಕೇಂದ್ರದ ಉದ್ದ ಹಜಾರದಲ್ಲಿ ಒಂದು ಸಲ ನಡೆದು ನೋಡಿದ್ದನ್ನು ಹೇಳಿದರು. ಹುಡುಗನ ಹಾಗೆ ನಡೆದರಂತೆ. ಆ ತುದಿಯಲ್ಲಿ ಕಾಲು ಸಿದ್ಧಮಾಡುವಾತ ತಮಗೆ ಬೆನ್ನು ಮಾಡಿ ಕೂತಿದ್ದ. ಹತ್ತಿರ ಹೋಗಿ ನಿಂತರೂ ಅವನಿಗೆ ಗೊತ್ತಾಗಲಿಲ್ಲ. ಅವನು ಆಮೇಲೆ ತಿರುಗಿ ಬೆಚ್ಚಿ, ನೋಡಿದ್ರಾ ಸ್ವಲ್ಪನೂ ಸದ್ದಿಲ್ಲ ಎಂದು ಹೆಮ್ಮೆಯಿಂದ ನಕ್ಕ. ತಾತ ಅಲ್ಲೇ ಬಿಚ್ಚಿಟ್ಟು ಬಂದರು.

ಕೆಮ್ಮಿಕೊಂಡು ಬನ್ನಿ ಎಂದಳು ಅವಳು. ಕೆಮ್ಮಿದರೆ ಕಾಯಿಲೆ ಎಂದು ಕಷಾಯ ಕುಡಿಸುತ್ತಾಳೆ ಎಂದರು. ಮಾತಾಡಿಕೊಂಡು ಬನ್ನಿ. ಮಾತಾಡಿದರೆ ಎದುರು ಮಾತಾಡುತ್ತಾಳೆ. ಹಾಗಾದರೆ ಗೆಜ್ಜೆ ಕಟ್ಟಿಕೊಳ್ಳಿ ಎಂದು ಅವಳಿಗೆ ರೇಗಿತು. ಗೆಜ್ಜೆ ಕಟ್ಟಿಕೊಂಡು ಈ ವಯಸ್ಸಿನಲ್ಲಿ ಯಾವ ಆಸ್ಥಾನದಲ್ಲಿ ಕುಣಿಯಲಿ ಎಂದರು ತಾತ. ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ, ಹುಣ್ಣಿನ ವಿಷಯವನ್ನು ನಾಳೆ ಸಂಜೆಯೊಳಗೆ ಅವರೇ ಅಜ್ಜಿಗೆ ಹೇಳದಿದ್ದರೆ ತಾನು ಹೇಳುವುದಾಗಿ ಖಡಾಖಂಡಿತವಾಗಿ ಹೇಳಿ, ಪುಟ್ಟಿಯ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಅಂದು ಅವಳಿಗೆ ಅಡುಗೆಯಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರಲಿಲ್ಲ. ಗಂಡ ಎರಡು ಸಲ ಹಾಕಿದ್ದೀಯ ಎಂದ.

ಮರುದಿನ ಸಂಜೆ ಕಟ್ಟಡದವರೆಲ್ಲ ಅಜ್ಜಿಯ ದನಿಯನ್ನು ಕೇಳಿದರು. ಮೂರನೆಯ ಮತ್ತು ನಾಲ್ಕನೆಯ ಮಹಡಿಯವರ ಜಗಳಗಳನ್ನೆಲ್ಲ ಕೂಡಿಸಿದರೂ ಅದರ ಮುಂದೆ ಏನೂ ಅಲ್ಲ. ನಾನು ಕುರುಡಿ ಇರಬಹುದು, ಇನ್ನೊಂದು ಸಲ ನಿಮ್ಮ ಕಾಲು ಕತ್ತರಿಸೋದನ್ನ ನೋಡೋಕೆ ಕಣ್ಣೇ ಬೇಕಾಗಿಲ್ಲ ಎಂಬುದು ಗೋಡೆ ದಾಟಿ ಬಂದ ಮಾತು. ಬಿಡಿಸಲು ಮೇಲಿನವರು ಇಬ್ಬರೂ ಕೂಡಿ ಇಳಿದು ಹೋದರು. ತಾತ ಅವರಿಗೆ ನೀರು ಕೊಟ್ಟು ಕಳಿಸಿದರು.

ವಾರ ಕಳೆದು ಪುಟ್ಟಿಯ ಅಮ್ಮನ ಸದ್ದಿನ ಕೋಣೆಯ ಬಾಗಿಲಲ್ಲಿ ಕಿರ್ರ್-ಟಕ್ ಕೇಳಿಸಿತು. ತಾತ ಹಳೆಯ ಕಾಲಿನ ಮೇಲೆಯೇ, ಕೋಲೂರಿ ಬಂದಿದ್ದರು. ಹುಣ್ಣಿಗೆ ಬಿಗಿಯಾಗಿ ಪಟ್ಟಿ ಕಟ್ಟಿತ್ತು. ಕಟ್ಟಿದ್ದು ಅಜ್ಜಿ ಎಂದು ಗಂಟು ನೋಡಿದರೇ ತಿಳಿಯುತ್ತಿತ್ತು. ಕಂಕುಳಲ್ಲಿ ಒಂದು ಉದ್ದನೆಯ ಚೀಲ. ಕಲ್ಲುಚಪ್ಪಡಿಯ ಮೇಲೆ ಕೂತು, ಜಿಪ್ಪನ್ನು ಸರ್ರನೆ ಎಳೆದು, ಅದರೊಳಗಿಂದ ಹೊಸ ಕಾಲನ್ನು ಹೊರತೆಗೆದರು. ತಿಳಿ ಕಂದು ಬಣ್ಣ, ಹೊಳೆಯುವ ಉಕ್ಕಿನ ಮಂಡಿ. ಪುಟ್ಟಿ ಬಂದು ಅದನ್ನು ಬೆರಳಿನಿಂದ ತಿವಿದು, ಕಿವಿಯಿಟ್ಟು ಕೇಳಿ, ಇದಕ್ಕೆ ಇನ್ನೂ ಮಾತು ಬಂದಿಲ್ಲ ಎಂದಳು.

“ಅದಕ್ಕೇ ತಂದಿದ್ದು,” ಎಂದರು ತಾತ.

ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟಿಯ ಅಮ್ಮನ ಮಡಿಲಿಗಿಟ್ಟರು, ಮಗುವನ್ನು ಇಡುವ ಹಾಗೆ. ಅವಳ ಬೆರಳುಗಳು ತಾವಾಗಿಯೇ ಮಂಡಿಯನ್ನು ಮಡಿಸಿ, ಬಿಡಿಸಿ ನೋಡಿದವು. ಎಲ್ಲಿ ಚರ್ಮದ ತುಂಡು ಸಿಕ್ಕಿಸಿದರೆ ಕಿರ್ರ್ ಬಂದೀತು, ಎಲ್ಲಿ ಸಣ್ಣ ತಗಡು ಕೂರಿಸಿದರೆ ಟಕ್ ಬಂದೀತು ಎಂದು ಅವು ಹುಡುಕುತ್ತಿದ್ದವು.

“ನಾಳೆಯಿಂದ ಇದನ್ನೇ ಹಾಕ್ಕೋಬೇಕು ಅಂತ ಅವಳ ಅಪ್ಪಣೆ ಆಗಿದೆ. ಸದ್ದಿಲ್ಲದಿದ್ರೂ ಪರವಾಗಿಲ್ಲ, ಅಭ್ಯಾಸ ಮಾಡ್ಕೊಳ್ತೀನಿ ಅಂತಾಳೆ. ಬಾಯಲ್ಲಿ ಹಾಗಂತಾಳೆ ಅಷ್ಟೇ.” ತಾತ ಕೋಲಿನ ತುದಿಯಿಂದ ಜಲ್ಲಿಯ ತಟ್ಟೆಯಲ್ಲಿ ಒಂದು ಗೆರೆ ಎಳೆದರು, ಅಳಿಸಿದರು. “ನಿನ್ನ ದಳಪತಿಗೆ ನನ್ನ ಸದ್ದು ಕೊಟ್ಟಿದ್ದೀನಲ್ಲ ಮಗಳೇ, ಅವನ ಸೇತುವೆ ಕೆಲಸ ಮುಗೀತು. ಈಗ ಅದನ್ನ ನನಗೆ ವಾಪಸ್ ಹಾಕಿಕೊಡ್ತೀಯಾ? ಬಾಗಿಲಿಂದ ಒಲೆವರೆಗೆ ಕೇಳಿಸಿದ್ರೆ ಸಾಕು.”